ನೀರಿನ ಹಿಡಿತ: ಬಿಲ್ ಮನ್ಸಿಯ ಓಟಗಳು

ಕೇಳುಗರೆಲ್ಲರಿಗೂ ನಮಸ್ಕಾರ. ಬೋಟಿನ ತಳ ಯಾವ ಆಕಾರದಲ್ಲಿರಬೇಕು ಅಂತ ಲೆಕ್ಕ ಹಾಕುವುದು ನನ್ನ ಕಸುಬು. ಹೈಡ್ರೋಪ್ಲೇನ್, ಅಂದರೆ ನೀರಿನ ಮೇಲೆ ಎದ್ದು ಓಡುವ ರೇಸ್ ಬೋಟು, ಅದರ ಓಟಗಾರರ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕೇಳಿದಾಗ ಯಾರ ಹೆಸರು ಹೇಳಬೇಕು ಅಂತ ನಾನು ಯೋಚನೆಯನ್ನೇ ಮಾಡಲಿಲ್ಲ. ಅಮೆರಿಕದ ಬಿಲ್ ಮನ್ಸಿ. ಹುಟ್ಟಿದ್ದು 1928ರಲ್ಲಿ. ಅಲ್ಲಿನ ಅತಿ ದೊಡ್ಡ, ಅತಿ ವೇಗದ ಬೋಟುಗಳ ವರ್ಗದಲ್ಲಿ 62 ಓಟ ಗೆದ್ದವರು. 1904ರಿಂದ ನಡೆದು ಬಂದಿರುವ ಗೋಲ್ಡ್ ಕಪ್ ಅನ್ನು ಎಂಟು ಸಲ ಎತ್ತಿದವರು. ಮೊದಲನೆಯದು 1956ರಲ್ಲಿ, ಕೊನೆಯದು 1979ರಲ್ಲಿ. ಆಗ ಅವರಿಗೆ ಐವತ್ತು ದಾಟಿತ್ತು.

ಇವರ ವಿಷಯ ಎತ್ತಿದರೆ ಸಾಕು, ಎಲ್ಲರೂ ಮೊದಲು ಕೇಳುವುದು ಎಂಜಿನ್ ಎಷ್ಟು ಹಾರ್ಸ್‌ಪವರ್ ಅಂತ. ಸರಿ, ಅದನ್ನು ಹೇಳಿ ಮುಗಿಸಿಬಿಡ್ತೀನಿ. ಎರಡನೇ ಮಹಾಯುದ್ಧದ ಫೈಟರ್ ವಿಮಾನಗಳಿಂದ ಬಿಚ್ಚಿ ತಂದ ಹನ್ನೆರಡು ಸಿಲಿಂಡರಿನ ಎಂಜಿನ್‌ಗಳು, ಆಲಿಸನ್ ಇಲ್ಲವೇ ರೋಲ್ಸ್ ರಾಯ್ಸ್ ಮರ್ಲಿನ್. ಸಾವಿರಾರು ಹಾರ್ಸ್‌ಪವರ್. ಆಯಿತಾ? ಈಗ ಎಂಜಿನ್ ಮರೆತುಬಿಡಿ. ಎಂಜಿನ್ ಎಲ್ಲರ ಬೋಟಿನಲ್ಲೂ ಇತ್ತು. ಎಲ್ಲರೂ 62 ಓಟ ಗೆಲ್ಲಲಿಲ್ಲ.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು: ನೀರಿನ ಹಿಡಿತ. ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ಅದು ನೀರಿನ ಮೇಲೆ ಪುಟಿಯುತ್ತಾ ಹೋಗುತ್ತದಲ್ಲ, ಹೈಡ್ರೋಪ್ಲೇನ್ ಓಡುವ ರೀತಿಯೂ ಹೆಚ್ಚುಕಡಿಮೆ ಅದೇ. ಸಾಮಾನ್ಯ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ. ಇದು ನೀರಿನ ಮೇಲೆ ಎದ್ದು ಕೂತು ಓಡುತ್ತದೆ. ಮುಂದುಗಡೆ ಎರಡೂ ಪಕ್ಕಕ್ಕೆ ಪಾದದ ಹಾಗೆ ಚಾಚಿಕೊಂಡ ಎರಡು ಭಾಗ ಇರುತ್ತವೆ, ಅವಕ್ಕೆ ಸ್ಪಾನ್ಸನ್ ಅನ್ನುತ್ತಾರೆ. ಪೂರ್ತಿ ವೇಗದಲ್ಲಿ ಆ ಎರಡು ಸ್ಪಾನ್ಸನ್‌ಗಳ ಹಿಂದಿನ ಅಂಚು, ಮತ್ತೆ ಹಿಂದುಗಡೆ ಅರ್ಧ ಮುಳುಗಿ ಅರ್ಧ ಮೇಲೆ ತಿರುಗುವ ಪ್ರೊಪೆಲ್ಲರ್, ಇಷ್ಟರ ಮೇಲೇ ಬೋಟಿನ ಭಾರವೆಲ್ಲ ನಿಂತಿರುತ್ತದೆ. ಇದರ ಜೊತೆಗೆ ನೀರಿಗೆ ಇಳಿದಿರುವುದು ಒಂದು ಚುಕ್ಕಾಣಿ, ಎಡಗಡೆ ಸ್ಪಾನ್ಸನ್ ಹತ್ತಿರ ಒಂದು ಲೋಹದ ರೆಕ್ಕೆ. ಓಟದಲ್ಲಿ ಬೋಟು ಯಾವಾಗಲೂ ಎಡಕ್ಕೇ ತಿರುಗುವುದು, ಆ ರೆಕ್ಕೆ ನೀರನ್ನು ಕಚ್ಚಿ ಹಿಡಿಯದಿದ್ದರೆ ಬೋಟು ಅಡ್ಡಡ್ಡ ಜಾರಿಕೊಂಡು ಹೋಗಿಬಿಡುತ್ತದೆ. ಟನ್ನುಗಟ್ಟಲೆ ತೂಕದ ಬೋಟು, ಒಳಗೊಬ್ಬ ಮನುಷ್ಯ, ನೀರಿನ ಜೊತೆ ಸಂಬಂಧ ಇಷ್ಟೇ ಇಷ್ಟು. ಅದು ತಪ್ಪಬಾರದು. ಓಟಗಾರನ ಕೆಲಸವೆಲ್ಲ ಇದೇ.

ಈಗ 1958ಕ್ಕೆ ಬರ್ತೀನಿ. ಈ ಕಥೆ ಹೇಳದೆ ಮನ್ಸಿ ಬಗ್ಗೆ ಮಾತಾಡೋಕೆ ನನಗೆ ಬರುವುದಿಲ್ಲ, ಸ್ವಲ್ಪ ಉದ್ದ ಆಗುತ್ತದೆ, ಕೇಳಿ. ಹಿಂದಿನ ವರ್ಷ, ಅಂದರೆ 1957ರಲ್ಲಿ, ಮನ್ಸಿ 'ಮಿಸ್ ಥ್ರಿಫ್ಟ್‌ವೇ' ಅನ್ನುವ ಬೋಟಿನಲ್ಲಿ ಎರಡನೇ ಸಲ ಗೋಲ್ಡ್ ಕಪ್ ಗೆದ್ದಿದ್ದರು. ಅದಾದ ಸ್ವಲ್ಪ ದಿನಕ್ಕೇ ಇಂಡಿಯಾನಾದ ಮ್ಯಾಡಿಸನ್‌ನಲ್ಲಿ, ಒಹಾಯೊ ನದಿಯ ಮೇಲೆ, ಅದೇ ಬೋಟು ಪೂರ್ತಿ ವೇಗದಲ್ಲಿ ಚೂರುಚೂರಾಯಿತು. ಒಡೆದದ್ದಲ್ಲ ರೀ, ಅವರ ಸುತ್ತಲೂ ಬೋಟು ಅನ್ನುವುದೇ ಇಲ್ಲದಂತಾಯಿತು. ಹೇಗೋ ಬದುಕಿಕೊಂಡರು. ಮಾಲೀಕರು ಹೊಸ ಬೋಟು ಕಟ್ಟಿಸಿದರು, ಹೆಸರು ಮಾತ್ರ ಹಳೆಯದೇ.

1958ರ ಆಗಸ್ಟ್, ಸಿಯಾಟಲ್ ಊರಿನ ಲೇಕ್ ವಾಷಿಂಗ್ಟನ್. ಗೋಲ್ಡ್ ಕಪ್ ಓಟ. ದಂಡೆಯುದ್ದಕ್ಕೂ ಜನವೋ ಜನ, ಬಾರದವರು ಮನೆಯಲ್ಲಿ ಟಿವಿ ಮುಂದೆ. ಆ ಕಾಲದಲ್ಲಿ ಸಿಯಾಟಲ್‌ಗೆ ಈ ಓಟದ ಹುಚ್ಚು ಎಷ್ಟಿತ್ತು ಅಂದರೆ, ಚಾಲಕರ ಹೆಸರು ಮಕ್ಕಳ ಬಾಯಲ್ಲೂ ಇರುತ್ತಿತ್ತು. ಮನ್ಸಿ ತಿರುವಿಗೆ ಬಂದರು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಬೋಟು ತಿರುಗುತ್ತಲೇ ಇಲ್ಲ. ಕೆಳಗೆ ಚುಕ್ಕಾಣಿ ಕಿತ್ತುಹೋಗಿತ್ತು. ನಾನು ಆಗಲೇ ಹೇಳಿದೆನಲ್ಲ, ನೀರಿನಲ್ಲಿ ಇಳಿದಿರುವುದೇ ನಾಲ್ಕೈದು ಭಾಗ, ಅದರಲ್ಲಿ ಒಂದು ಹೋಯಿತು ಅಂದರೆ ಹಿಡಿತ ಹೋಯಿತು ಅಂತಲೇ ಅರ್ಥ. ಬೋಟಿಗೆ ಬ್ರೇಕ್ ಇಲ್ಲ. ಪೆಡಲ್ ಮೇಲಿಂದ ಕಾಲು ತೆಗೆದರೆ ತಳ ನೀರಿಗೆ ಕೂತು ವೇಗ ಇಳಿಯುತ್ತದೆ, ನಿಜ, ಆದರೆ ಅದಕ್ಕೆ ಜಾಗ ಬೇಕು. ಜಾಗ ಇರಲಿಲ್ಲ. ನೇರ ಎದುರಿಗೆ ಓಟದ ಕಾವಲಿಗೆ ಅಂತ ನಿಂತಿದ್ದ ಕೋಸ್ಟ್ ಗಾರ್ಡ್‌ನ ನಲವತ್ತು ಅಡಿ ಉದ್ದದ ಬೋಟು! ಮಿಸ್ ಥ್ರಿಫ್ಟ್‌ವೇ ಹೋಗಿ ಅದರ ಪಕ್ಕೆಗೆ ನುಗ್ಗಿತು. ಎರಡೂ ಮುಳುಗಿದವು. ಓಟ ಕಾಯಲು ಬಂದ ಬೋಟೂ ಕೆರೆಯ ತಳಕ್ಕೆ, ಓಟದ ಬೋಟೂ ಕೆರೆಯ ತಳಕ್ಕೆ. ಪ್ರಾಣ ಮಾತ್ರ ಯಾರದೂ ಹೋಗಲಿಲ್ಲ. ಮನ್ಸಿಗೆ ಪೆಟ್ಟಾಯಿತು, ಆಸ್ಪತ್ರೆ ಸೇರಿದರು. ಇಷ್ಟೂ ಟಿವಿಯಲ್ಲಿ ನೇರಪ್ರಸಾರ. ಆ ದಿನ ಗೋಲ್ಡ್ ಕಪ್ ಜ್ಯಾಕ್ ರೀಗಸ್ ಓಡಿಸಿದ 'ಹವಾಯಿ ಕೈ' ಪಾಲಾಯಿತು.

ಒಂದು ವರ್ಷದೊಳಗೆ ಎರಡು ಬೋಟು ಕಾಲಕೆಳಗಿಂದ ಹೋದ ಮನುಷ್ಯ ಆಮೇಲೆ ಏನು ಮಾಡಿದರು ಕೇಳಿ. 1960ರಲ್ಲಿ ಮತ್ತೊಂದು ಮಿಸ್ ಥ್ರಿಫ್ಟ್‌ವೇಯಲ್ಲಿ ಕೂತು ಗಂಟೆಗೆ 192 ಮೈಲಿ, ಅಂದರೆ ಸುಮಾರು 309 ಕಿಲೋಮೀಟರ್ ವೇಗದ ದಾಖಲೆ ಮಾಡಿದರು. 1961ರಲ್ಲಿ ಗೋಲ್ಡ್ ಕಪ್, 1962ರಲ್ಲಿ ಮತ್ತೆ ಗೋಲ್ಡ್ ಕಪ್. ಇದನ್ನು ಧೈರ್ಯ ಅಂತ ಹೊಗಳಿ ಸುಮ್ಮನಾಗುವವರನ್ನು ಕಂಡರೆ ನನಗೆ ಸ್ವಲ್ಪ ಬೇಜಾರಾಗುತ್ತದೆ. ಧೈರ್ಯ ಇತ್ತು, ಇಲ್ಲ ಅನ್ನಲ್ಲ. ಆದರೆ ಅವರ ಓಟದ ಹಳೇ ಚಿತ್ರಗಳನ್ನು ನಿಧಾನಕ್ಕೆ ಓಡಿಸಿ ನೋಡಿ. ಪಕ್ಕದ ಬೋಟುಗಳು ಅಲೆಗೆ ಎದ್ದು ಎದ್ದು ಬೀಳುತ್ತಿರುತ್ತವೆ, ಇವರದು ನೀರಿಗೆ ಅಂಟಿಕೊಂಡಂತೆ ಹೋಗುತ್ತಿರುತ್ತದೆ. ಪೆಡಲ್ ಮೇಲಿನ ಕಾಲು ಎಲ್ಲಿ ಸಡಿಲ ಬಿಡಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ನೀರಿನ ಹಿಡಿತ, ಮತ್ತೆ ಅದೇ.

ಸ್ಟಾರ್ಟ್ ಬಗ್ಗೆಯೂ ಹೇಳಬೇಕಿತ್ತು, ಚುಟುಕಾಗಿ ಹೇಳ್ತೀನಿ. ಇಲ್ಲಿ ಬೋಟುಗಳು ನಿಂತಲ್ಲಿಂದ ಹೊರಡುವುದಿಲ್ಲ. ದೊಡ್ಡದೊಂದು ಗಡಿಯಾರ ಸೊನ್ನೆಗೆ ಬರುವ ಕ್ಷಣಕ್ಕೆ ಸರಿಯಾಗಿ ಎಲ್ಲರೂ ಪೂರ್ತಿ ವೇಗದಲ್ಲಿ ಗೆರೆ ದಾಟಬೇಕು, ಮೊದಲೇ ದಾಟಿದರೆ ದಂಡ. ಹಿಂದೆ ಬಿದ್ದವನಿಗೆ ಸಿಗುವುದು ಮುಂದಿನವರು ಕಲಕಿದ ನೀರು, ಅದರಲ್ಲಿ ಹಿಡಿತ ಎಲ್ಲಿಂದ ಬರಬೇಕು, ಅಲ್ವಾ?

1972ರಲ್ಲಿ 'ಅಟ್ಲಾಸ್ ವ್ಯಾನ್ ಲೈನ್ಸ್' ಬೋಟಿನಲ್ಲಿ ಏಳು ಓಟಗಳಲ್ಲಿ ಆರು ಗೆದ್ದರು. 1977ರಲ್ಲಿ ಅದೇ ಹೆಸರಿನ ಹೊಸ ಬೋಟು ಬಂತು, ನೀಲಿ ಬಣ್ಣದ್ದು. ಇದರಲ್ಲಿ ಚಾಲಕ ಕೂರುವುದು ಎಂಜಿನ್‌ಗಿಂತ ಮುಂದೆ, ತಲೆಯ ಮೇಲೆ ಏನೂ ಇಲ್ಲ. 1977, 78, 79, ಸತತ ಮೂರು ಗೋಲ್ಡ್ ಕಪ್ ಅದರಲ್ಲೇ.

1981ರ ಅಕ್ಟೋಬರ್ 18, ಮೆಕ್ಸಿಕೋದ ಅಕಾಪುಲ್ಕೊ. ವಿಶ್ವ ಚಾಂಪಿಯನ್‌ಶಿಪ್‌ನ ಕೊನೇ ಸುತ್ತು. ಅದೇ ನೀಲಿ ಬೋಟು. ಮೂತಿ ಎದ್ದಿತು, ಅಗಲವಾದ ತಳದ ಕೆಳಗೆ ಗಾಳಿ ಹೊಕ್ಕಿತು. ಒಮ್ಮೆ ಗಾಳಿ ಹೊಕ್ಕರೆ ಆ ತಳ ವಿಮಾನದ ರೆಕ್ಕೆಯ ಕೆಲಸ ಮಾಡಲು ಶುರು ಮಾಡುತ್ತದೆ, ಆಮೇಲೆ ಚಾಲಕನ ಕೈಯಲ್ಲಿ ಏನೂ ಇರುವುದಿಲ್ಲ. ಬೋಟು ಹಿಂದಕ್ಕೆ ಮಗುಚಿತು. ಮನ್ಸಿ ಉಳಿಯಲಿಲ್ಲ. ಮುಂದಿನ ವರ್ಷ ಅವರ ದೊಡ್ಡ ಎದುರಾಳಿ ಡೀನ್ ಚೆನೊವೆತ್ ಕೂಡ ಹೀಗೇ ಬೋಟು ಮಗುಚಿ ಹೋದರು.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳ್ತೀನಿ. 1986ರಲ್ಲಿ 'ಮಿಸ್ ಬಡ್‌ವೈಸರ್' ತಂಡ ಎಫ್-16 ಯುದ್ಧವಿಮಾನದ ಗಾಜಿನ ಮುಚ್ಚಳವನ್ನು ಕಾಕ್‌ಪಿಟ್ ಮೇಲೆ ಕೂರಿಸಿತು. ನಿಧಾನಕ್ಕೆ ಎಲ್ಲ ಬೋಟುಗಳಿಗೂ ಮುಚ್ಚಳ ಬಂತು. ಈಗ ಬೋಟು ಮಗುಚಿದರೂ ಸಾಮಾನ್ಯವಾಗಿ ಚಾಲಕ ತಳದ ಕಿಂಡಿಯಿಂದ ಹೊರಗೆ ಬರುತ್ತಾನೆ. ಮನ್ಸಿ ಅವರ ಹೆಂಡತಿ ಫ್ರಾನ್ ಗಂಡನ ತಂಡವನ್ನು ಮುಚ್ಚಲಿಲ್ಲ, ಚಿಪ್ ಹ್ಯಾನವರ್ ಅನ್ನುವ ಸಿಯಾಟಲ್ ಹುಡುಗನನ್ನು ಕರೆತಂದರು. ಆತ 1982ರಿಂದ 1988ರವರೆಗೆ ಸಾಲಾಗಿ ಏಳು ಗೋಲ್ಡ್ ಕಪ್ ಗೆದ್ದರು, ಒಟ್ಟು ಹನ್ನೊಂದು. 62 ಗೆಲುವಿನ ದಾಖಲೆ ಮುರಿಯಲು ಮಾತ್ರ 2011ರವರೆಗೆ ಕಾಯಬೇಕಾಯಿತು. ಅದನ್ನು ಮುರಿದವರು ಡೇವ್ ವಿಲ್ವಾಕ್, 1997ರ ಅಪಘಾತದಲ್ಲಿ ಬಲಗೈಯ ಎರಡು ಬೆರಳು ಕಳೆದುಕೊಂಡ ಮೇಲೂ ಓಡಿಸಿದವರು.

ಈ ಓಟದ ವಿಡಿಯೋ ಎಲ್ಲಾದರೂ ಸಿಕ್ಕರೆ, ಹಿಂದೆ ಚಿಮ್ಮುವ ನೀರನ್ನು ಎಲ್ಲರೂ ನೋಡುತ್ತಾರೆ, ನೀವು ದಯವಿಟ್ಟು ಅದನ್ನು ಬಿಡಿ. ಮುಂದಿನ ಎರಡು ಸ್ಪಾನ್ಸನ್ ನೀರಿಗೆ ತಾಗುವ ಜಾಗ ನೋಡಿ. ತಿರುವಿನಲ್ಲಿ ಎಡಗಡೆಯದನ್ನೇ ನೋಡಿ. ನಮಸ್ಕಾರ.