ಭಯ ಹುಟ್ಟಿಸಿ ಪರಿಹಾರ ಮಾರುವವರು

ಕೇಳುಗರೇ, ನಮಸ್ಕಾರ.

ಕಷ್ಟ ಬಂದಾಗ ಹರಕೆ ಹೊರುತ್ತೇವೆ. ಮುಡಿಪು ಕಟ್ಟಿಡುತ್ತೇವೆ. ದೇವರ ಮುಂದೆ ಒಂದು ದೀಪ ಹಚ್ಚಿ ಕೂತರೆ ಮನಸ್ಸು ಹಗುರ ಆಗುತ್ತದೆ. ಇದರ ಬಗ್ಗೆ ನನ್ನ ತಕರಾರು ಏನೂ ಇಲ್ಲ, ನಾನೂ ಹಾಗೇ ಬೆಳೆದವಳು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ನಂಬಿಕೆಯ ಮೇಲೆ ಅಂಗಡಿ ಹಾಕಿ ಕೂತವರ ಬಗ್ಗೆ.

ವ್ಯಾಪಾರ ಹೇಗೆ ಕುದುರುತ್ತದೆ ನೋಡಿ. ಮಗಳಿಗೆ ಗಂಡು ಕೂಡಿ ಬರ್ತಾ ಇಲ್ಲ ಅಂತ ತಾಯಿಯೊಬ್ಬರು ಟಿವಿಯಲ್ಲಿ ಕಂಡ ನಂಬರಿಗೆ ಫೋನ್ ಮಾಡುತ್ತಾರೆ. ಆ ಕಡೆಯವರು ಹೆಸರು, ನಕ್ಷತ್ರ, ಹುಟ್ಟಿದ ಹೊತ್ತು ಕೇಳುತ್ತಾರೆ. ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ, "ಅಮ್ಮಾ, ಜಾತಕದಲ್ಲಿ ಕಾಳಸರ್ಪ ದೋಷ ಇದೆಯಲ್ಲ, ಇಷ್ಟು ದಿನ ಯಾರೂ ಹೇಳಲಿಲ್ವಾ?" ಅನ್ನುತ್ತಾರೆ. ಅಷ್ಟು ಸಾಕು. ಫೋನ್ ಮಾಡುವಾಗ ಆ ತಾಯಿಗೆ ಇದ್ದದ್ದು ಒಂದು ಚಿಂತೆ. ಫೋನ್ ಇಡುವ ಹೊತ್ತಿಗೆ ಎದೆಯಲ್ಲಿ ನಡುಕ. ಮೊದಲು ಒಂದು ಶಾಂತಿ ಹೋಮ. ನಂತರ ಒಂದು ಯಂತ್ರ. ಅದೂ ಫಲಿಸದಿದ್ದರೆ ಮನೆಯ ಬಾಗಿಲ ದಿಕ್ಕು ಸರಿಯಿಲ್ಲ. ಕೊನೆಗೆ, "ನಿಮ್ಮ ಶ್ರದ್ಧೆ ಸಾಲದು" ಅನ್ನುವ ಮಾತು. ದುಡ್ಡೂ ಹೋಯಿತು, ತಪ್ಪೂ ಅವರ ತಲೆಗೇ ಬಂತು.

ರಾಹು ಕೇತುಗಳ ನಡುವೆ ಉಳಿದ ಏಳೂ ಗ್ರಹಗಳು ಸೇರಿಕೊಂಡರೆ ಕಾಳಸರ್ಪ ದೋಷ ಅನ್ನುತ್ತಾರೆ. ಜಾತಕದ ಬಗ್ಗೆ ಬರೆದ ಹಿರಿಯರಲ್ಲಿ ವರಾಹಮಿಹಿರ ದೊಡ್ಡ ಹೆಸರು. 6ನೇ ಶತಮಾನದವನು. ಅವನ ಗ್ರಂಥದಲ್ಲಿ ಈ ದೋಷದ ಸುದ್ದಿಯೇ ಇಲ್ಲ. ಇದನ್ನು ಒಪ್ಪದ ಜ್ಯೋತಿಷಿಗಳೇ ಎಷ್ಟೋ ಜನ ಇದ್ದಾರೆ. ಆದರೆ ಗಾಬರಿಯಲ್ಲಿರುವ ತಾಯಿಗೆ ಅದನ್ನು ಹೇಳುವವರು ಯಾರು?

ಇನ್ನು ರುದ್ರಾಕ್ಷಿ. ಅದು ಒಂದು ಮರದ ಕಾಯಿಯ ಬೀಜ. ಬೀಜದ ಮೇಲಿನ ಉದ್ದನೆಯ ಗೆರೆಗಳಿಂದ ಅದರ ಮುಖ ಎಣಿಸುತ್ತಾರೆ. ಐದು ಮುಖದ್ದು ಧಾರಾಳವಾಗಿ ಸಿಗುತ್ತದೆ, ಬೆಲೆಯೂ ಕಮ್ಮಿ. ದುಂಡಗಿನ ಏಕಮುಖಿ ತೀರಾ ಅಪರೂಪ. ಅಪರೂಪದ್ದಕ್ಕೇ ಬೇಡಿಕೆ ಜಾಸ್ತಿ ಅಲ್ವಾ? ಹಾಗಾಗಿ ಅದನ್ನು ತಯಾರು ಮಾಡುತ್ತಾರೆ. ಮರದ ತುಂಡನ್ನು ಕೆತ್ತುತ್ತಾರೆ. ಬೇರೆ ಬೀಜದ ಗೆರೆಗಳನ್ನು ತುಂಬಿ ಮುಚ್ಚುತ್ತಾರೆ. ಎರಡು ಬೀಜ ಅಂಟಿಸಿ, ಮರದಲ್ಲೇ ಜೋಡಿಯಾಗಿ ಬೆಳೆದ ಗೌರೀಶಂಕರ ಅನ್ನುತ್ತಾರೆ. ಅಂಟಿಸಿದ್ದು ನೀರಲ್ಲಿ ಕುದಿಸಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಆದರೆ ಮನೆಯಲ್ಲಿ ಯಾರೂ ಕುದಿಸಿ ನೋಡುವುದಿಲ್ಲ. ದೇವರ ವಸ್ತುವನ್ನು ಪರೀಕ್ಷೆ ಮಾಡಿದರೆ ಅಪಚಾರ ಆದೀತು ಅಂತ ಹಿಂಜರಿಕೆ. ಮೋಸ ಮಾಡುವವರಿಗೆ ಈ ಹಿಂಜರಿಕೆಯೇ ಕಾವಲು. ನನಗೆ ಸಿಟ್ಟು ಬರುವುದು ಇಲ್ಲೇ. ಭಕ್ತಿಯಿಂದ ಹುಟ್ಟಿದ ಸಂಕೋಚವನ್ನೂ ಇವರು ದುಡ್ಡು ಮಾಡಿಕೊಳ್ಳುತ್ತಾರೆ.

ಅಕ್ಷಯ ತದಿಗೆಯನ್ನೇ ತೆಗೆದುಕೊಳ್ಳಿ. ಅದು ದಾನದ ದಿನ. ನಮ್ಮಲ್ಲಿ ಬಸವ ಜಯಂತಿಯೂ ಅಂದೇ. ಕಾಯಕ, ದಾಸೋಹ ಅಂದವರ ಹುಟ್ಟಿದ ದಿನ ಚಿನ್ನ ಕೊಳ್ಳದಿದ್ದರೆ ಲಕ್ಷ್ಮಿ ಮುನಿಯುತ್ತಾಳೆ ಅಂತ ಜಾಹೀರಾತು ಬರುತ್ತದೆ. ಸಾಲ ಮಾಡಿ ಚಿನ್ನ ತಂದವರಿಗೆ ಅಕ್ಷಯ ಆಗುವುದು ಬಡ್ಡಿ ಮಾತ್ರ.

ಹೀಗೆ ಹೆದರಿಸಿ ಕಿತ್ತ ದುಡ್ಡು ದೇವಸ್ಥಾನಕ್ಕಾದರೂ ಹೋಗುತ್ತದಾ ಅಂದರೆ, ಅದೂ ಇಲ್ಲ. ರಾಜ್ಯದಲ್ಲಿ ಮುಜರಾಯಿಗೆ ಸೇರಿದ ಸುಮಾರು 34,000 ದೇವಸ್ಥಾನಗಳಲ್ಲಿ ಬಹುಪಾಲು ಸಿ ವರ್ಗದವು. ಅಂದರೆ ವರ್ಷದ ಆದಾಯ 5 ಲಕ್ಷಕ್ಕಿಂತ ಕಮ್ಮಿ. ಅಲ್ಲಿಯ ಪೂಜೆಗೆ ಸರ್ಕಾರ ಕೊಡುವ ಹಣ, ಅಂದರೆ ತಸ್ತೀಕು, ವರ್ಷಕ್ಕೆ 60,000 ರೂಪಾಯಿ ಇತ್ತು. ಅದನ್ನು 72,000ಕ್ಕೆ ಏರಿಸುವುದಾಗಿ 2025ರ ಬಜೆಟ್‌ನಲ್ಲಿ ಹೇಳಿದರು. ತಿಂಗಳಿಗೆ 6,000. ಊರ ಗುಡಿಯಲ್ಲಿ ಬೆಳಗಾಗೆದ್ದು ಅಭಿಷೇಕ ಮಾಡುವ ಅರ್ಚಕರ ಪಾಡು ಹೀಗಿದೆ. ಅವರು ಯಾವತ್ತೂ ಯಾರನ್ನೂ ಹೆದರಿಸಿ ಕಾಣಿಕೆ ಕೇಳಿದವರಲ್ಲ.

ಎಲ್ಲಕ್ಕಿಂತ ಜಾಸ್ತಿ ನೋಯಿಸುವುದು ಕಾಯಿಲೆಯವರನ್ನು ಹಿಡಿಯುವ ದಂಧೆ. ಮಂತ್ರ, ತಾಯತ, ಕವಚದಿಂದ ರೋಗ ವಾಸಿ ಅಂತ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಗೋಡೆ, ಕರೆಂಟ್ ಕಂಬ, ಬಸ್ಸಿನ ಸೀಟಿನ ಹಿಂಭಾಗ ಎಲ್ಲಾ ಕಡೆ ಚೀಟಿ. ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಜ್ಯೋತಿಷ್ಯ, ವಾಸ್ತು ಸಲಹೆ ಅದರ ಹೊರಗೇ ಉಳಿದವು. ಮಹಾರಾಷ್ಟ್ರದಲ್ಲಿ 2021ರಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಪವಾಡ ಮಾಡುತ್ತದೆ ಅಂತ ಟಿವಿಯಲ್ಲಿ ಹನುಮಾನ್ ಚಾಲೀಸಾ ಯಂತ್ರ ಮಾರುವುದು ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. ಅಯೋಧ್ಯೆಯಲ್ಲಿ 2024ರ ಜನವರಿ 22ಕ್ಕೆ ಬಾಲರಾಮನ ಪ್ರತಿಷ್ಠೆ. ಅದಕ್ಕೂ ಮೊದಲೇ ರಾಮಮಂದಿರದ ಪ್ರಸಾದ ಅಂತ ಲಾಡು, ಪೇಡೆ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಬಂದಿತ್ತು. ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟ ಮೇಲೆ ಅದನ್ನು ತೆಗೆದರು.

ಅಂದರೆ ದೂರು ಕೊಟ್ಟರೆ ಕೇಳುವವರಿದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಬೈಯಬೇಡಿ. ನಾಚಿಕೆಯಿಂದ ಅವರು ಬಾಯಿ ಮುಚ್ಚಿಕೊಂಡರೆ ವಂಚಕರಿಗೇ ಅನುಕೂಲ. ದುಡ್ಡು ಕಳಿಸಿದ ಮೆಸೇಜು, ಜಾಹೀರಾತಿನ ಫೋಟೊ, ಫೋನ್ ನಂಬರು ಎಲ್ಲಾ ಎತ್ತಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಕನ್ನಡದಲ್ಲೇ ಮಾತಾಡಬಹುದು. ಹೆದರಿಸಿ ಹಣ ಕಿತ್ತಿದ್ದರೆ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ.

ನಮಸ್ಕಾರ.