‘ಪಾಪ ಮಾಡಿದ್ದೇನೆ’ ಅಂದವರು

ಪ್ರಿಯ ಸಹೋದರ ಸಹೋದರಿಯರೇ,

‘ನಾನು ಪಾಪ ಮಾಡಿದ್ದೇನೆ.’ ಬೈಬಲ್‌ನಲ್ಲಿ ಈ ಮಾತನ್ನು ಯಾರ್ಯಾರು ಹೇಳಿದ್ದಾರೆ ಅಂತ ಒಮ್ಮೆ ಹುಡುಕಿ ನೋಡಿ. ಆನೆಕಲ್ಲಿನ ಮಳೆ ಸುರಿಯುವಾಗ ಐಗುಪ್ತದ ಅರಸ ಫರೋಹ ಹೇಳಿದ. ಮಳೆ ನಿಂತಿತು, ಅವನ ಮಾತೂ ಅಲ್ಲಿಗೇ ಮುಗಿಯಿತು. ಇಸ್ರಾಯೇಲಿನ ಅರಸ ಸೌಲನೂ ಹೇಳಿದ. ಎಲ್ಲವನ್ನೂ ನಾಶಮಾಡು ಅನ್ನುವ ದೇವರ ಮಾತು ಮೀರಿ, ಶತ್ರುಗಳಾದ ಅಮಾಲೇಕ್ಯರ ಕುರಿದನಗಳಲ್ಲಿ ಒಳ್ಳೆಯದನ್ನೆಲ್ಲ ಉಳಿಸಿ, ತಪ್ಪನ್ನು ಜನರ ತಲೆಗೆ ಕಟ್ಟಿ, ಸಿಕ್ಕಿಬಿದ್ದ ಮೇಲೆ ಹೇಳಿದ. ಅದರ ಬೆನ್ನಿಗೇ ಪ್ರವಾದಿ ಸಮುವೇಲನನ್ನು ಕೇಳಿಕೊಂಡದ್ದೇನು ಗೊತ್ತಾ? ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಅಂತ.

ದಾವೀದನೂ ಅದೇ ಮಾತು ಹೇಳಿದ. ಆದರೆ ಎಷ್ಟು ತಡವಾಗಿ! ಊರೀಯನ ಹೆಂಡತಿ ಬತ್ಷೆಬೆ ಅವನಿಂದ ಬಸುರಿಯಾದಳು, ಅವನ ಸಂಚಿನಿಂದಲೇ ಊರೀಯ ಸತ್ತ, ಮಗುವೂ ಹುಟ್ಟಿತು. ಅಷ್ಟು ದಿನವೂ ಅರಸ ಏನೂ ಆಗದವನಂತೆ ಇದ್ದ. ಪ್ರವಾದಿ ನಾತಾನ ಬಂದು ಬಡವನ ಕುರಿಮರಿಯ ಕಥೆ ಹೇಳಿದಾಗ ಮಾತ್ರ ಎಂಥ ಸಿಟ್ಟು! ಕುರಿ ಕಸಿದ ಶ್ರೀಮಂತ ನಾಲ್ಕರಷ್ಟು ಕೊಡಬೇಕು ಅಂತ ತೀರ್ಪು ಕೊಟ್ಟೇಬಿಟ್ಟ. ನ್ಯಾಯ ಅವನಿಗೆ ಚೆನ್ನಾಗಿ ಗೊತ್ತಿತ್ತು, ಬೇರೆಯವರ ವಿಷಯದಲ್ಲಿ. ನಮ್ಮ ಕಥೆಯೂ ಅದೇ ಅಲ್ವಾ? ಅದಕ್ಕೇ ನನಗೆ ಅನ್ನಿಸುತ್ತದೆ, ಬೇರೆಯವರ ಯಾವ ತಪ್ಪು ಕಂಡರೆ ನಮಗೆ ಜಾಸ್ತಿ ಸಿಟ್ಟು ಬರುತ್ತದೋ, ಆತ್ಮಪರೀಕ್ಷೆಯನ್ನು ಅಲ್ಲಿಂದಲೇ ಶುರು ಮಾಡಬಹುದು.

ಈಗ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ. ಮೋಸದಿಂದ ಕಸಿದಿದ್ದರೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂತ ಅವನೂ ಅಂದ, ಆದರೆ ತೀರ್ಪು ತನ್ನ ಮೇಲೇ. ತಪ್ಪು ಒಪ್ಪಿಕೊಂಡು ಹಿಂದಿರುಗಿಸುವವನು ಐದನೇ ಒಂದು ಪಾಲು ಹೆಚ್ಚಿಗೆ ಕೊಡಬೇಕು ಅಂತ ಬೈಬಲ್‌ನ ಅರಣ್ಯಕಾಂಡ ಹೇಳುತ್ತದೆ. ಜಕ್ಕಾಯ ಅಷ್ಟಕ್ಕೆ ನಿಲ್ಲಲಿಲ್ಲ. ಅರ್ಧ ಆಸ್ತಿಯನ್ನೂ ಬಡವರಿಗೆ ಕೊಡುತ್ತೇನೆ ಅಂದ. ಸ್ವಾರಸ್ಯ ಏನೆಂದರೆ, ‘ಪಾಪ ಮಾಡಿದ್ದೇನೆ’ ಅನ್ನುವ ಮಾತು ಲೂಕನ ಆ ಭಾಗದಲ್ಲಿ ಅವನ ಬಾಯಿಂದ ಬರುವುದೇ ಇಲ್ಲ. ಬರೀ ಲೆಕ್ಕ.

ಹಾಗಾದರೆ ಹಣ ಹಿಂದೆ ಕೊಟ್ಟರೆ ಸಾಕಾ? ಯೇಸುವನ್ನು ಹಿಡಿದುಕೊಟ್ಟ ಯೂದನೂ ಅದಕ್ಕೆ ಪಡೆದ 30 ಬೆಳ್ಳಿ ನಾಣ್ಯ ಹಿಂದೆ ಕೊಟ್ಟ. ಪಾಪ ಮಾಡಿದೆ ಅಂತ ಬಾಯಿಬಿಟ್ಟೂ ಹೇಳಿದ. ಆದರೆ ಹೋದದ್ದು ಯಾಜಕರ ಹತ್ತಿರ. ಅವರು ‘ಅದು ನಮಗೇನು? ನೀನೇ ನೋಡಿಕೋ’ ಅಂದರು. ಆ ಭಾರ ಹೊತ್ತು ಅವನು ಒಬ್ಬನೇ ಹೊರಟುಹೋದ. ಯೇಸುವನ್ನು ಅರಿಯೆನೆಂದ ಪೇತ್ರನೂ ಬಿಕ್ಕಿಬಿಕ್ಕಿ ಅತ್ತವನೇ. ಆದರೆ ಅವನು ಶಿಷ್ಯರ ನಡುವೆಯೇ ಉಳಿದ. ದಡದಲ್ಲಿ ನಿಂತಿರುವುದು ಕರ್ತನೇ ಅಂತ ಗೊತ್ತಾದಾಗ ನೀರಿಗೆ ಹಾರಿ ಆತನ ಬಳಿಗೆ ಹೋದ. ಸುಮ್ನೆ ತನ್ನನ್ನೇ ಕೆದಕುತ್ತಾ ಕೂರುವುದು ಪಶ್ಚಾತ್ತಾಪವಲ್ಲ. 139ನೇ ಕೀರ್ತನೆಯಲ್ಲಿ ‘ನನ್ನನ್ನು ಪರೀಕ್ಷಿಸು’ ಅಂತ ದಾವೀದ ಕೇಳಿಕೊಳ್ಳುವುದು ದೇವರನ್ನೇ.

ಮನಸ್ಸಿಗೆ ಏನೋ ಚುಚ್ಚುತ್ತಿದೆ ಅಂತ ಕೆಲವರು ಕರ್ತನ ಭೋಜನದ ದಿನ ಸಭೆಗೇ ಬರುವುದಿಲ್ಲ. ಪೌಲ ಹಾಗೆ ಹೇಳಲಿಲ್ಲ. ಪರೀಕ್ಷಿಸಿಕೊಂಡು ತಿನ್ನಲಿ ಅಂದ. ಕೊರಿಂಥದ ಸಭೆಯ ಭೋಜನದಲ್ಲಿ ಅವನಿಗೆ ಬೇಸರ ತಂದದ್ದು ಏನು? ಒಬ್ಬ ಹಸಿದಿದ್ದರೆ ಇನ್ನೊಬ್ಬ ಕುಡಿದು ಮತ್ತನಾಗಿದ್ದ. ಹಾಗಾಗಿ ರೊಟ್ಟಿ ಮುಟ್ಟುವ ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಈ ಸಭೆಯಲ್ಲೇ ನಾನು ಯಾರನ್ನು ಲೆಕ್ಕಕ್ಕೆ ಇಟ್ಟಿಲ್ಲ? ಒಂದು ಹೆಸರು ನೆನಪಾದರೆ ಏನು ಮಾಡಬೇಕು ಅನ್ನುವುದು ಮತ್ತಾಯ 5ರಲ್ಲಿದೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಒಂದಾಗು, ಆಮೇಲೆ ಬಂದು ಅರ್ಪಿಸು. ಕೆಲವೊಮ್ಮೆ ಒಂದು ಫೋನ್ ಸಾಕಾಗುತ್ತದೆ. ಕೆಲವೊಮ್ಮೆ ಅವರ ಮನೆಗೇ ಹೋಗಬೇಕಾಗುತ್ತದೆ.