ಅದೇ ಮಾಡೆಲಿನ ಬೋರ್ಡ್ ಹಾಕಿದರೂ ಹಾರ್ಡ್ ಡಿಸ್ಕ್ ಯಾಕೆ ಓದುವುದಿಲ್ಲ?

ನಮಸ್ಕಾರ. ಡೊಂಬಿವಲಿಯ ವೀಕ್ಷಕರೊಬ್ಬರು ಬರೆದಿದ್ದಾರೆ: "ಅಪ್ಪ ಮುಂಬೈಯಲ್ಲಿ ನಡೆದ ಯಕ್ಷಗಾನ, ತಾಳಮದ್ದಳೆ ಎಲ್ಲ ರೆಕಾರ್ಡ್ ಮಾಡಿ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕಿನಲ್ಲಿ ಹಾಕಿಟ್ಟಿದ್ದರು. ಈಗ ಅದು ತಿರುಗುವುದೇ ಇಲ್ಲ. ಲ್ಯಾಮಿಂಗ್ಟನ್ ರೋಡಿನಲ್ಲಿ ಅದೇ ಮಾಡೆಲಿನ ಇನ್ನೊಂದು ಡಿಸ್ಕ್ ಕೊಂಡು, ಅದರ ಬೋರ್ಡ್ ತೆಗೆದು ಇದಕ್ಕೆ ಹಾಕಿದರೆ ಸರಿಹೋಗುತ್ತದಾ?"

ಬಹಳ ಒಳ್ಳೆಯ ಪ್ರಶ್ನೆ. 90ರ ದಶಕದ ಡಿಸ್ಕುಗಳಲ್ಲಿ ಈ ಉಪಾಯ ಎಷ್ಟೋ ಸಲ ನಡೆಯುತ್ತಿತ್ತು. ಈಗ ಯಾಕೆ ನಡೆಯುವುದಿಲ್ಲ ಅನ್ನುವುದರಲ್ಲೇ ಮಜಾ ಇದೆ.

ಒಳಗೇನಿದೆ ಅಂತ ಬೇಗ ಹೇಳಿಬಿಡುತ್ತೇನೆ. ತಿರುಗುವ ತಟ್ಟೆಗಳು, ಅವುಗಳನ್ನು ಓದುವ ಹೆಡ್‌ಗಳು, ಹೊರಗೆ ಕೆಳಭಾಗದಲ್ಲಿ ಒಂದು ಬೋರ್ಡ್. ಪೋರ್ಟಬಲ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಹೆಡ್ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಇಷ್ಟು ಸಾಕು.

[ಕ್ಲೋಸಪ್: ಬಿಚ್ಚಿದ ಬೋರ್ಡ್]

ಇಲ್ಲಿ ನೋಡಿ. ಮಧ್ಯದಲ್ಲಿರುವ ದೊಡ್ಡ ಚಿಪ್ಪನ್ನು ಬಿಡಿ. ಪಕ್ಕದಲ್ಲಿ ಎಂಟೇ ಕಾಲಿನ ಒಂದು ಪುಟ್ಟ ಚಿಪ್ ಇದೆ, ಕಾಣಿಸಿತಾ? ಇದು ರಾಮ್ ಅಲ್ಲ, ರೋಮ್. ಅಂದರೆ ಕರೆಂಟ್ ಹೋದರೂ ಒಳಗಿನ ಮಾಹಿತಿ ಉಳಿಸಿಕೊಳ್ಳುವ ಚಿಪ್. ವೆಸ್ಟರ್ನ್ ಡಿಜಿಟಲ್‌ನ ಹಲವು ಬೋರ್ಡುಗಳಲ್ಲಿ ಇದರ ಪಕ್ಕ ಯು12 ಅಂತ ಅಚ್ಚಾಗಿರುತ್ತದೆ. ಇಡೀ ಕಥೆ ಇರುವುದು ಇದರಲ್ಲಿ.

ಒಂದೇ ಕಾರ್ಖಾನೆಯಲ್ಲಿ, ಒಂದೇ ದಿನ ಮಾಡಿದ ಎರಡು ಡಿಸ್ಕುಗಳೂ ಒಳಗೆ ಒಂದೇ ಥರ ಇರುವುದಿಲ್ಲ. ಹೆಡ್‌ನಲ್ಲಿ ಓದುವ ಭಾಗ ಬೇರೆ, ಬರೆಯುವ ಭಾಗ ಬೇರೆ. ಅವೆರಡರ ನಡುವಿನ ಅಂತರ ಒಂದೊಂದು ಹೆಡ್‌ಗೂ ಒಂಚೂರು ಹೆಚ್ಚು ಕಡಿಮೆ. ಯಾವ ಹೆಡ್‌ಗೆ ಎಷ್ಟು ಕರೆಂಟ್ ಬೇಕು ಅನ್ನುವುದೂ ಹಾಗೇ. ಅದಕ್ಕೇ ಕಾರ್ಖಾನೆಯಲ್ಲಿ ಪ್ರತಿ ಡಿಸ್ಕೂ ಗಂಟೆಗಟ್ಟಲೆ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಆ ಲೆಕ್ಕದಲ್ಲಿ ಒಂದಷ್ಟು ತಟ್ಟೆಯ ಮೇಲೆಯೇ ಒಂದು ಗುಪ್ತ ಜಾಗದಲ್ಲಿ ಉಳಿಯುತ್ತದೆ. ಆ ಜಾಗವನ್ನು ಮೊದಲ ಸಲ ಓದುವುದಕ್ಕೆ ಬೇಕಾದಷ್ಟು ಈ ಚಿಪ್ಪಿನಲ್ಲಿರುತ್ತದೆ.

ಬೇರೆ ಡಿಸ್ಕಿನ ಬೋರ್ಡ್ ಹಾಕುವುದು ಅಂದರೆ ಬೇರೆಯವರ ಕನ್ನಡಕ ಹಾಕಿಕೊಂಡಂತೆ. ಫ್ರೇಮ್ ಅದೇ, ಕಂಪನಿ ಅದೇ, ಪವರ್ ಮಾತ್ರ ಬೇರೆ. ತಟ್ಟೆ ತಿರುಗುತ್ತದೆ, ಹೆಡ್ ಹೊರಡುತ್ತದೆ, ಆದರೆ ಎದುರಿಗಿರುವ ಅಕ್ಷರ ಕಾಣುವುದಿಲ್ಲ. ವಾಪಸ್ ಬಂದು ಮತ್ತೆ ಪ್ರಯತ್ನಿಸುತ್ತದೆ. ಸುಮ್ನಿದ್ದ ಡಿಸ್ಕ್ ಟಿಕ್ ಟಿಕ್ ಅನ್ನತೊಡಗುತ್ತದೆ.

ಹಾಗಾದರೆ ದಾರಿ ಇಲ್ಲವಾ? ಇದೆ. ಹಳೇ ಬೋರ್ಡಿನ ಆ ಎಂಟು ಕಾಲಿನ ಚಿಪ್ಪನ್ನು ಬಿಸಿಗಾಳಿಯಿಂದ ಬಿಡಿಸಿ ಹೊಸ ಬೋರ್ಡಿಗೆ ಬೆಸುಗೆ ಹಾಕಬೇಕು. ಇಲ್ಲವೇ ಅದರೊಳಗಿನ ಮಾಹಿತಿಯನ್ನು ಪ್ರೋಗ್ರಾಮರ್ ಅನ್ನುವ ಉಪಕರಣದಿಂದ ಓದಿ ಹೊಸದಕ್ಕೆ ಬರೆಯಬೇಕು. ಕೆಲವು ಬೋರ್ಡುಗಳಲ್ಲಿ ಬೇರೆ ಚಿಪ್ಪೇ ಇರುವುದಿಲ್ಲ, ಎಲ್ಲ ದೊಡ್ಡ ಚಿಪ್ಪಿನ ಒಳಗೇ. ಆಗ ಕೆಲಸ ಇನ್ನೂ ಕಷ್ಟ. ಮೊಬೈಲ್ ಬೋರ್ಡಿನಲ್ಲಿ ಕೈ ಪಳಗಿದವರು ಇದನ್ನು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಚಿಪ್ಪಿನ ಮಾತೇ ಎತ್ತದೆ "ಬೋರ್ಡ್ ಬದಲಿಸಿಕೊಡುತ್ತೇನೆ" ಅಂದವರ ಕೈಗೆ ಡಿಸ್ಕ್ ಕೊಡಬೇಡಿ. ಹಳೇ ಬೋರ್ಡನ್ನಂತೂ ಯಾವ ಕಾರಣಕ್ಕೂ ಎಸೆಯಬೇಡಿ. ಸುಟ್ಟಿದ್ದರೂ ಅದರ ಚಿಪ್ ಚೆನ್ನಾಗಿರಬಹುದು.

ಪೋರ್ಟಬಲ್ ಡಿಸ್ಕಿನ ಹಳೇ ಬೋರ್ಡ್ ಇಟ್ಟುಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಎಷ್ಟೋ ಮಾಡೆಲುಗಳಲ್ಲಿ ಯುಎಸ್‌ಬಿ ಸಾಕೆಟ್ ನೇರ ಬೋರ್ಡಿಗೇ ಬೆಸೆದಿರುತ್ತದೆ. ಕೆಲವು, ನೀವು ಪಾಸ್‌ವರ್ಡ್ ಇಡದಿದ್ದರೂ, ಬರೆದದ್ದನ್ನೆಲ್ಲ ತಾವೇ ಗೂಢಲಿಪಿ ಮಾಡಿ ಇಡುತ್ತವೆ. ಅದನ್ನು ಬಿಡಿಸುವುದಕ್ಕೂ ಮೂಲ ಬೋರ್ಡ್ ಬೇಕಾಗಬಹುದು.

ಟೈಮ್ ಜಾಸ್ತಿ ಆಯ್ತು, ಉಳಿದದ್ದು ಬೇಗ ಬೇಗ.

ತಿರುಗದೇ ಇದ್ದ ಮಾತ್ರಕ್ಕೆ ಬೋರ್ಡೇ ಹೋಗಿದೆ ಅಂತಲ್ಲ. ಮೊದಲು ಕೇಬಲ್ ಬದಲಿಸಿ ನೋಡಿ. ಹೆಡ್ ತಟ್ಟೆಗೆ ಅಂಟಿಕೊಂಡಿದ್ದರೂ ಹೀಗಾಗುತ್ತದೆ. ಬಿದ್ದ ಮೇಲೆ ಟಿಕ್ ಟಿಕ್ ಅಂದರೆ ಹೆಚ್ಚಾಗಿ ಹೆಡ್ ಕೆಟ್ಟಿರುತ್ತದೆ, ಅಲ್ಲಿ ಬೋರ್ಡ್ ಬದಲಿಸಿ ಪ್ರಯೋಜನವಿಲ್ಲ. ತಕ್ಷಣ ಕೇಬಲ್ ಕೀಳಿ. "ಇನ್ನೊಂದು ಸಲ ನೋಡೋಣ" ಅನ್ನುವಾಗಲೇ ತಟ್ಟೆಗೆ ಗೀರು ಬೀಳುವುದು. ಗೀರಿದ ಜಾಗದ ಡೇಟಾ, ಕೆಟ್ಟ ಡಿಸ್ಕಿನಿಂದ ಡೇಟಾ ತೆಗೆದುಕೊಡುವ ಯಾವ ಲ್ಯಾಬಿಗೆ ಹೋದರೂ ಬರುವುದಿಲ್ಲ. ಮನೆಯಲ್ಲಿ ಮುಚ್ಚಳ ತೆಗೆಯಬೇಡಿ, ಧೂಳಿನ ಒಂದು ಕಣ ಸಾಕು. ಫ್ರೀಜರಿನಲ್ಲಿ ಇಡಬೇಡಿ, ಒಳಗೆ ನೀರು ಹನಿಗಟ್ಟುತ್ತದೆ. ಮಳೆನೀರಲ್ಲಿ ನೆನೆದಿದ್ದರೆ ಒಣಗಿಸಬೇಡಿ, ಕೆಸರು ತಟ್ಟೆಗೆ ಅಂಟಿಕೊಳ್ಳುತ್ತದೆ. ಒದ್ದೆ ಇದ್ದಂತೆಯೇ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಲ್ಯಾಬಿಗೆ ಕೊಡಿ.

ಡಿಸ್ಕ್ ಸರಿಯಾಗಿ ತಿರುಗುತ್ತಿದ್ದು, ಶಬ್ದವೂ ಇಲ್ಲದೆ, ಓದುವುದು ಮಾತ್ರ ನಿಧಾನವಾಗಿದ್ದರೆ ಡಿಡಿರೆಸ್ಕ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಚೆನ್ನಾಗಿರುವ ಜಾಗವನ್ನು ಮೊದಲು ಬೇರೆ ಡಿಸ್ಕಿಗೆ ನಕಲು ಮಾಡಿ, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತದೆ. ಫೈಲ್ ಹುಡುಕುವ ಕೆಲಸವೆಲ್ಲ ಆ ನಕಲಿನ ಮೇಲೆ ಮಾಡಿ. ಕಂಪ್ಯೂಟರ್ "ಫಾರ್ಮ್ಯಾಟ್ ಮಾಡಲಾ?" ಅಂತ ಕೇಳಿದರೆ ಬೇಡ ಅನ್ನಿ.

ಲ್ಯಾಬಿಗೆ ಕೊಡುವಾಗ ಏನಾಯಿತು, ಯಾರು ಬಿಚ್ಚಿದ್ದರು, ಏನು ಬದಲಿಸಿದರು, ಎಲ್ಲ ಬಿಡಿಸಿ ಹೇಳಿ. ಕೆಲಸ ಶುರುವಾಗುವ ಮೊದಲೇ ಖರ್ಚು ಬರೆಸಿಕೊಳ್ಳಿ. ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕು ಅಂತಲೂ ಕೇಳಿ.